ಸಂದರ್ಶನದ ಕುರ್ಚಿಯಲ್ಲಿ ನಾನು

ಜಪಾನಿನ 2011ರ ದೊಡ್ಡ ಭೂಕಂಪದ ಮರುವರ್ಷ ನಾನು ಟೋಕಿಯೋದಲ್ಲಿ, ದೊಡ್ಡ ಹುದ್ದೆಗಳಿಗೆ ತಕ್ಕವರನ್ನು ಹುಡುಕಿಕೊಡುವ ಸಣ್ಣ ಕಂಪನಿಯೊಂದರಲ್ಲಿದ್ದೆ. ಯೋಕೋಹಾಮಾದ ಖಾಸಗಿ ವಿಶ್ವವಿದ್ಯಾಲಯವೊಂದರ ಕ್ರೀಡಾ ನಿರ್ದೇಶಕರಾಗಿದ್ದವರು ಒಬ್ಬ ವಿದೇಶಿ. ಭೂಕಂಪಕ್ಕೆ ಹೆದರಿ ಊರಿಗೆ ಹೋದವರು ತಿರುಗಿ ಬರಲಿಲ್ಲ. ಅವರ ಜಾಗ ತುಂಬುವ ಕೆಲಸ ನಮಗೆ ಬಂತು. ಕ್ರೀಡೆಯಲ್ಲಿ ನನಗಿದ್ದ ಅನುಭವವೆಂದರೆ ಮೈಸೂರಿನ ಶಾಲೆಯಲ್ಲಿ ಖೋ ಖೋ ಆಡಲು ಹೋಗಿ ಕಾಲು ಉಳುಕಿಸಿಕೊಂಡದ್ದು.

ಆರು ತಿಂಗಳು ಜಾಲಾಡಿ ಆಸ್ಟ್ರೇಲಿಯಾದ ದೋಣಿ ಸ್ಪರ್ಧೆಯ ಕೋಚ್ ಒಬ್ಬರನ್ನು ಹಿಡಿದೆವು. ಪಕ್ಷಪಾತವಾಗಬಾರದೆಂದು ಅವರ ಹೆಸರು, ಫೋಟೋ, ದೇಶ ಮೂರನ್ನೂ ತೆಗೆದು ವಿಶ್ವವಿದ್ಯಾಲಯಕ್ಕೆ ವಿವರ ಕಳಿಸಿದ್ದೆವು. ಆ ಐಡಿಯಾ ನನ್ನದೇ.

ಸಂದರ್ಶನದ ದಿನ ಅವರನ್ನು ನಾನೇ ಕರೆದುಕೊಂಡು ಹೋದೆ. ಅವರು ಕೈ ತೊಳೆಯಲು ಹೋದಾಗ ಗುಮಾಸ್ತೆಯೊಬ್ಬಳು ಬಂದು, ಬಾಗಿ, ನನ್ನನ್ನು ಒಳಗೆ ಕರೆದಳು. ಅಭ್ಯರ್ಥಿಯ ಪರಿಚಯ ಹೇಳಿಸುತ್ತಾರೆಂದುಕೊಂಡು ಹೋದೆ. ಐವರು ಹಿರಿಯ ಪ್ರೊಫೆಸರರ ಎದುರು ಒಂದೇ ಕುರ್ಚಿ. ಕೂರಿಸಿದರು.

"ಈ ಕೆಲಸದಲ್ಲಿ ಎಷ್ಟು ವರ್ಷ?" ಎಂದರು ನಡುವೆ ಕೂತಿದ್ದ ಅಧ್ಯಕ್ಷರು.

"ಮೂರು."

ಅವರ ಕೈಯ ಕಾಗದದಲ್ಲಿ ಇಪ್ಪತ್ತು ಎಂದಿತ್ತು. ಒಮ್ಮೆ ಕಾಗದ, ಒಮ್ಮೆ ನನ್ನ ಮುಖ ನೋಡಿದರು. ವಿನಯವೆಂದುಕೊಂಡರೋ ಏನೋ, ತಲೆದೂಗಿದರು.

"ಸತತವಾಗಿ ಸೋಲುವ ತಂಡಕ್ಕೆ ಏನು ಮಾಡುತ್ತೀರಿ?"

ಆಗ ನನಗೆ ಹೊಳೆಯಿತು. ಅವರು ನನ್ನನ್ನೇ ಅಭ್ಯರ್ಥಿ ಎಂದುಕೊಂಡಿದ್ದರು. ಐವರು ಹಿರಿಯರಿಗೆ ಒಟ್ಟಿಗೆ ಮುಖಭಂಗ ಮಾಡುವ ಧೈರ್ಯ ಬರಲಿಲ್ಲ. "ಮೊದಲು ಹೊಟ್ಟೆ ತುಂಬ ಊಟ ಹಾಕಿಸುತ್ತೇನೆ. ಹಸಿದವರ ಕಿವಿಗೆ ಬುದ್ಧಿಮಾತು ಇಳಿಯುವುದಿಲ್ಲ" ಎಂದೆ. ಐವರೂ ಬರೆದುಕೊಂಡರು.

ಇನ್ನು ತಡೆಯಲಾಗದೆ ಎದ್ದು ನಿಂತೆ. "ಸುಮಿಮಾಸೆನ್, ಕ್ಷಮಿಸಿ. ನಾನು ಹುಡುಕಿಕೊಡುವ ಕಂಪನಿಯವಳು. ನಾವು ಹುಡುಕಿ ತಂದವರು ಹೊರಗಿದ್ದಾರೆ."

ಹೊರಗೂ ಇರಲಿಲ್ಲ. ಎಲ್ಲರೂ ಹುಡುಕುತ್ತ ಹೋದೆವು. ಕೆಳಗಿನ ಜಿಮ್ಮಿನಲ್ಲಿ ಆ ಕೋಚ್ ಕೋಟು ಬಿಚ್ಚಿಟ್ಟು, ದೋಣಿಗೆ ಹುಟ್ಟು ಹಾಕಿದಂತೆ ವ್ಯಾಯಾಮ ಮಾಡುವ ಯಂತ್ರಗಳ ಮೇಲೆ ಇಬ್ಬರು ವಿದ್ಯಾರ್ಥಿನಿಯರೊಂದಿಗೆ ಪಂದ್ಯಕ್ಕೆ ಬಿದ್ದಿದ್ದರು. ಹರಕುಮುರುಕು ಜಪಾನಿಯಲ್ಲಿ ಅವರನ್ನು ಹುರಿದುಂಬಿಸುತ್ತ ತಾವೇ ಸೋಲುತ್ತಿದ್ದರು. ಅಧ್ಯಕ್ಷರು ಕೊನೆಯವರೆಗೂ ನಿಂತು ನೋಡಿದರು. ಆಮೇಲೆ ಸಂದರ್ಶನವಾಗಿ ಕೆಲಸ ಆ ಕೋಚ್‌ಗೇ ಸಿಕ್ಕಿತು.

ವಾರದ ನಂತರ ವಿಶ್ವವಿದ್ಯಾಲಯದಿಂದ ಫಲಿತಾಂಶದ ಪತ್ರ ಬಂತು. ಸಂದರ್ಶನ ನಡೆದ ಮೇಲೆ ಅಂಕ ದಾಖಲಿಸದೆ ಬಿಡುವುದು ಅವರ ನಿಯಮದಲ್ಲಿ ಇರಲಿಲ್ಲವಂತೆ. ಎರಡನೇ ಸ್ಥಾನದಲ್ಲಿ ನನ್ನ ಹೆಸರಿತ್ತು.

ಮನೆಯಲ್ಲಿ ಗಂಡನಿಗೆ ತೋರಿಸಿದೆ.

"ಇಂಟರ್‌ವ್ಯೂ ಆಗಿದ್ದೇ ಇಬ್ರಿಗೆ ಅಲ್ವೇನೇ?" ಎಂದರು.

"ಆದ್ರೇನ್ರೀ, ಪಾಸ್ ಮಾರ್ಕ್ಸ್ ಬಂದಿದೆ ನೋಡಿ."