ಕವಿಯ ಹಣೆಯ ಕುಂಕುಮ

ಪವಾಡದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಪೀಣ್ಯದ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದವನು ನಾನು. ಟೇಪು ಹಿಡಿದು ಅಳೆದದ್ದನ್ನಷ್ಟೇ ನಂಬುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ಹತ್ತು-ಹನ್ನೆರಡು ವರ್ಷಗಳ ಹಿಂದಿನ ಮಾತು. ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡುತ್ತಿದ್ದ ನಮ್ಮಲ್ಲಿಗೆ ಒಂದು ವಸ್ತುಸಂಗ್ರಹಾಲಯದಿಂದ ಹೆಸರಾಂತ ಕವಿಯೊಬ್ಬರ ತೈಲಚಿತ್ರ ಬಂತು. ಹೊರರಾಜ್ಯದ ಪ್ರದರ್ಶನಕ್ಕೆ ಹೋಗಬೇಕಿತ್ತು. ಶಾಲೆಯಲ್ಲಿ ಅವರ ಪದ್ಯ ಬಾಯಿಪಾಠ ಬಾರದೆ ಏಟು ತಿಂದವನು ನಾನು. ಭಯಭಕ್ತಿಯಿಂದಲೇ ಬಿಚ್ಚಿ ನೋಡಿದೆ. ಗಾಜಿಲ್ಲದ ಚಿತ್ರ. ಕನ್ನಡಕ, ಹೆಗಲ ಮೇಲೆ ಶಾಲು, ಅಗಲವಾದ ಬರಿ ಹಣೆ. 'ಮುಖದ ಮೇಲೆ ಯಾವ ಗುರುತೂ ಇಲ್ಲ' ಎಂದು ಚೀಟಿ ಬರೆದು ಸಹಿ ಹಾಕಿ, ಚಿತ್ರವನ್ನು ಸ್ಟೋರಿನಲ್ಲಿ ಇಡಿಸಿದೆ.

ಮರುದಿನ ಆಯುಧಪೂಜೆ. ಗರಗಸ, ಸುತ್ತಿಗೆ, ಲಾರಿ, ಕೊನೆಗೆ ನನ್ನ ಟೇಪಿಗೂ ಕುಂಕುಮವಾಯಿತು. ಮಧ್ಯಾಹ್ನ ಪುರಿ ಹಂಚಿ ಸ್ಟೋರಿಗೆ ಹೋದೆ. ಕವಿಯ ಹಣೆಯ ಮೇಲೂ ದೊಡ್ಡ ಕುಂಕುಮ! ಪಕ್ಕದಲ್ಲಿ ಬಟ್ಟಲು ಹಿಡಿದು ಮಲ್ಲವ್ವ ನಿಂತಿದ್ದಳು. ಗದಗಿನ ಕಡೆಯವಳು, ನಮ್ಮ ಶೆಡ್ಡು ಗುಡಿಸುತ್ತಿದ್ದಳು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಬಾಗಲಗುಂಟೆಯ ಬಾಡಿಗೆ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದುದು ಇವಳ ಕೆಲಸದಿಂದಲೇ.

"ನಾನ ಹಚ್ಚೀನ್ರಿ ಸಾಹೇಬ್ರ. ಹಬ್ಬದ ದಿನ ಹಿರ್ಯಾರ ಹಣಿ ಖಾಲಿ ಇರಬಾರದ್ರಿ," ಎಂದಳು.

"ನಿನ್ ಕೆಲ್ಸಾನೂ ಹೋಯ್ತು, ನಂದೂ ಹೋಯ್ತು ಕಣಮ್ಮ!" ಎಂದು ಕೂಗಾಡಿದೆ. ಒರೆಸಿದರೆ ಬಣ್ಣವೇ ಕಿತ್ತುಬಂದೀತೆಂದು ಹೆದರಿ ಮುಟ್ಟಲಿಲ್ಲ. ಸ್ಟೋರಿಗೆ ಬೀಗ ಹಾಕಿ, ಇದ್ದೊಂದು ಕೀಲಿಯನ್ನು ಜೇಬಿಗೆ ಇಳಿಸಿದೆ. ಯಾರಾದರೂ ಕೇಳಿದರೆ ಅವಳ ಹೆಸರು ಹೇಳಿ ಪಾರಾಗುವುದೆಂದು ಆಗಲೇ ತೀರ್ಮಾನಿಸಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹಬ್ಬ ಕಳೆದು ಸಂಗ್ರಹಾಲಯದ ಅಧಿಕಾರಿ ಬಂದರು. ಹಣೆಯನ್ನೇ ದಿಟ್ಟಿಸಿದರು. "ಸಾರ್, ಅದು ನಮ್ಮ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹತ್ತಿಯಿಂದ ಮೆಲ್ಲಗೆ ಒರೆಸಿದರು. ಹತ್ತಿ ಬೆಳ್ಳಗೇ ಉಳಿಯಿತು. ಫೈಲಿನಿಂದ ಇದೇ ಚಿತ್ರದ ಹಳೆಯ ಬಣ್ಣದ ಫೋಟೊ ತೆಗೆದು ಪಕ್ಕ ಹಿಡಿದರು. ಅದರಲ್ಲೂ ಅದೇ ಕುಂಕುಮ, ಅದೇ ಜಾಗ. ಬಗ್ಗಿ ನೋಡಿದೆ. ಒಣಗಿದ ಬಣ್ಣದ ಹಳೇ ಬಿರುಕೊಂದು ಆ ಕೆಂಪಿನ ನಡುವೆಯೇ ಹಾದುಹೋಗಿತ್ತು.

"ಎಲ್ಲಾ ಸರಿಯಾಗಿದೆ ಕಣ್ರೀ, ಪ್ಯಾಕ್ ಮಾಡ್ಸಿ," ಎಂದರು. ನನ್ನ ಚೀಟಿಯನ್ನು ಅವರು ಓದಲೂ ಇಲ್ಲ.

ಓಡಿಹೋಗಿ ಮಲ್ಲವ್ವನಿಗೆ ಸುದ್ದಿ ಹೇಳಿದೆ. ಹಿಗ್ಗುತ್ತಾಳೆಂದುಕೊಂಡಿದ್ದೆ. ಅವಳು ಮುಖ ಸಣ್ಣದು ಮಾಡಿಕೊಂಡು, "ಹಂಗಾದ್ರ ನಾ ಹಚ್ಚಿದ್ದು ಎಲ್ಲಿ ಹೋತ್ರೀ?" ಎಂದು ಕೇಳಿದಳು.

ಚೀಟಿಯ ನಕಲು ಇನ್ನೂ ನನ್ನಲ್ಲಿದೆ, ಅಕ್ಷರ ನನ್ನದೇ. ಮೊದಲ ದಿನ ನನ್ನ ಕಣ್ಣು ತಪ್ಪಿತೆಂದು ಒಪ್ಪಿಕೊಂಡರೂ ಅವಳ ಪ್ರಶ್ನೆ ಹಾಗೇ ಉಳಿಯುತ್ತದೆ. ಅವಳ ಹೆಸರು ಅಂದು ನನ್ನ ನಾಲಗೆಯ ತುದಿವರೆಗೆ ಬಂದಿತ್ತೆಂಬುದನ್ನು ಮಾತ್ರ ಅವಳಿಗೆ ಇಂದಿಗೂ ಹೇಳಿಲ್ಲ.