ಮೇಷ್ಟ್ರು ಕೇಳಿದ ನಾಲ್ಕು ದಿನ

ಮೊನ್ನೆ ಜೆ.ಪಿ. ನಗರದ ಸರ್ವಿಸ್ ಸೆಂಟರಿನಲ್ಲಿ ಕಾರಿನ ಎ.ಸಿ. ತೋರಿಸುತ್ತಿದ್ದೆ. ಪಕ್ಕದ ನಲ್ಲಿಯಲ್ಲಿ ಯಾರೋ ಬಟ್ಟೆ ಸೋಪಿನಿಂದ ಕೈ ತೊಳೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಡಿಯೂರು ಕೆರೆಯ ಹಿಂದಿದ್ದ ತಗಡಿನ ಶೆಡ್ಡು ಕಣ್ಣಮುಂದೆ ಬಂತು… ಒಳಗೆ ನಮ್ಮ ಎ.ಸಿ. ಮೇಷ್ಟ್ರು.

ಅವರು ಮೆಕ್ಯಾನಿಕ್ಕು. ಬಾನೆಟ್ ಎತ್ತಿದರೆ ಸಾಕು ಪಾಠ ಶುರು ಮಾಡುತ್ತಿದ್ದರಿಂದ ನಾವೆಲ್ಲ ಮೇಷ್ಟ್ರು ಅನ್ನುತ್ತಿದ್ದೆವು. ಗಡ್ಡ ಬೋಳಿಸುವ ಹಳೇ ಬ್ರಷ್ಷಿನಿಂದ ಪೈಪಿಗೆಲ್ಲ ಸೋಪಿನ ನೊರೆ ಹಚ್ಚುವರು. ಗುಳ್ಳೆ ಎದ್ದ ಕಡೆ ಗ್ಯಾಸ್ ಸೋರುತ್ತಿದೆ ಎಂದರ್ಥ. ಬೇರೆ ಗ್ಯಾರೇಜಿನವರು ಹಳೇ ಗ್ಯಾಸನ್ನು ಪುಸ್ಸೆಂದು ಗಾಳಿಗೆ ಬಿಡುತ್ತಿದ್ದರು. ಇವರು ಜೋಪಾನವಾಗಿ ಸಿಲಿಂಡರಿಗೆ ತುಂಬಿಸಿಡುತ್ತಿದ್ದರು. ಕೇಳಿದರೆ ಓಝೋನ್ ಪದರದ ಬಗ್ಗೆ ಅರ್ಧ ಗಂಟೆ ಪಾಠ!

ಆ ಬೇಸಿಗೆಯಲ್ಲಿ ಅಮ್ಮನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಸೆಕೆಗೆ ತಲೆಸುತ್ತು ಬರುತ್ತಿತ್ತು. ಆಗಲೇ ನಮ್ಮ ಹಳೇ ಕಾರಿನ ಎ.ಸಿ. ಕೈಕೊಟ್ಟಿತು.

“ಹಳೇ ಗ್ಯಾಸನ್ನ ಸರ್ಕಾರ ನಿಲ್ಲಿಸ್ಬಿಟ್ಟಿದೆ ಮೇಡಂ. ಹೊಸದು ಹಾಕ್ಬೇಕಂದ್ರೆ ಆಯಿಲ್, ವಾಷರ್ ಎಲ್ಲಾ ಬದಲಾಯಿಸ್ಬೇಕು. ನಾಲ್ಕು ದಿನ ಕೊಡಿ,” ಎಂದರು ಮೇಷ್ಟ್ರು.

ನನಗೆಲ್ಲಿಯ ತಾಳ್ಮೆ? ಸಾರಕ್ಕಿಯಲ್ಲೊಬ್ಬ ಮೆಕ್ಯಾನಿಕ್ಕು ಅರ್ಧ ಗಂಟೆಯಲ್ಲಿ ಹೊಸ ಗ್ಯಾಸ್ ತುಂಬಿ ಕಳಿಸಿದ. ತಣ್ಣಗೆ ಗಾಳಿ ಬಂತು, ನಾನು ಬೀಗಿದ್ದೇ ಬೀಗಿದ್ದು.

ಹತ್ತೇ ದಿನ. ಆಸ್ಪತ್ರೆಗೆ ಹೊರಟಿದ್ದಾಗ ಬನಶಂಕರಿ ಸಿಗ್ನಲಿನಲ್ಲಿ ಎ.ಸಿ.ಯ ಕಂಪ್ರೆಸರ್ ಕಿರ್ರೆಂದು ಜಾಮ್ ಆಗಿ ಕಾರೂ ನಿಂತಿತು. ಹಳೇ ಆಯಿಲ್ಲಿಗೆ ಹೊಸ ಗ್ಯಾಸ್ ಒಗ್ಗುವುದಿಲ್ಲವಂತೆ. ಮಧ್ಯಾಹ್ನದ ಉರಿಬಿಸಿಲು, ಹಿಂದಿನ ಸೀಟಿನಲ್ಲಿ ಅಮ್ಮ ಬೆವೆತು ಬಿಳುಚಿಕೊಂಡಿದ್ದಳು. ಹೆದರಿ ಮೇಷ್ಟ್ರಿಗೇ ಫೋನ್ ಮಾಡಿದೆ. ತಮ್ಮ ಕಾರಿನಲ್ಲೇ ಬಂದರು, ಅವರದೂ ನಮ್ಮದೇ ಮಾಡೆಲ್ಲು. ಅಮ್ಮನನ್ನು ಕೂರಿಸಿ, ಎ.ಸಿ. ಹಾಕಿ ಆಸ್ಪತ್ರೆಗೆ ಬಿಟ್ಟರು. ನನಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೇಷ್ಟ್ರ ಶೆಡ್ಡಿನಿಂದ ನಾಲ್ಕು ದಿನಕ್ಕೆ ಕಾರು ವಾಪಸ್ ಬಂತು, ಒಳಗೆಲ್ಲ ತಂಪು. ಮುಂದಿನ ವಾರ ಜಯನಗರದಲ್ಲಿ ಮೇಷ್ಟ್ರು ಕಂಡರು. ಕಾರಿನ ಕಿಟಕಿಗಳೆಲ್ಲ ತೆರೆದಿದ್ದವು, ಕುತ್ತಿಗೆಗೆ ಒದ್ದೆ ಟವೆಲ್ಲು.

“ಎ.ಸಿ. ಹಾಕ್ಕೊಳಲ್ವಾ ಮೇಷ್ಟ್ರೇ?” ಎಂದು ರೇಗಿಸಿದೆ.

“ಹಳೇ ಮಾಡೆಲ್ ಕಂಪ್ರೆಸರ್ ಎಲ್ಲೂ ಸಿಗ್ಲಿಲ್ಲ ಮೇಡಂ. ನಂದೇ ಬಿಚ್ಚಿ ನಿಮ್ಮ ಕಾರಿಗೆ ಹಾಕ್ದೆ. ನಂಗೆ ಗಾಳಿ ಸಾಕು, ಅಮ್ಮಂಗೆ ಬೇಕು.”

ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ…

ಅಮ್ಮ ಇನ್ನೆರಡು ಬೇಸಿಗೆ ಆ ತಂಪಿನಲ್ಲಿ ಓಡಾಡಿದಳು. ಈಗ ಅಮ್ಮನೂ ಇಲ್ಲ, ಮೇಷ್ಟ್ರೂ ಇಲ್ಲ. ಶೆಡ್ಡಿದ್ದ ಜಾಗದಲ್ಲಿ ಜ್ಯೂಸ್ ಅಂಗಡಿ ಇದೆ.

ಸರ್ವಿಸ್ ಸೆಂಟರಿನಾತ ಮೆಷಿನ್ನಿನ ಪೈಪ್ ಸಿಕ್ಕಿಸುತ್ತಾ, “ಮುಂದೆ ಈ ಗ್ಯಾಸನ್ನೂ ಸರ್ಕಾರ ಕಡಿಮೆ ಮಾಡತ್ತಂತೆ ಮೇಡಂ,” ಎಂದ.

“ನನ್ನ ಕಾರಿಗೆ ನಾಲ್ಕು ದಿನ ಬೇಕೇನ್ರೀ?” ಎಂದು ಕೇಳಿದೆ.

ಆತ ನಕ್ಕ. “ಎಲ್ಲಿ ಮೇಡಂ, ಅರ್ಧ ಗಂಟೆ ಸಾಕು.”

ಆ ಅರ್ಧ ಗಂಟೆ ಬೆಂಚಿನ ಮೇಲೆ ಕೂತೆ. ನನಗೆ ಮೇಷ್ಟ್ರು ಕೇಳಿದ್ದ ಆ ನಾಲ್ಕು ದಿನ ಬೇಕಿತ್ತು.