ಇಂದ್ರವ್ವನ ಉಕ್ತಲೇಖನ

ಮೇಜಿನ ಮೇಲೆ ಏಳು ಹಾಳೆಗಳಿದ್ದವು. ಏಳರ ತುಂಬ ಕೆಂಪು ಶಾಯಿ. ಮಾಸ್ತರರ ಪೆನ್ನು ಸೋರಿರಬೇಕು ಎಂದೇ ಇಂದ್ರವ್ವನಿಗೆ ಮೊದಲು ಅನಿಸಿತು. ಬಗ್ಗಿ ನೋಡಿದಳು. ಸೋರಿದ್ದಲ್ಲ. ಒಂದೊಂದು ಶಬ್ದಕ್ಕೂ ಒಂದೊಂದು ಸುತ್ತು ಹಾಕಿದ್ದರು.

"ಎಲ್ಲಾ ನಕಲ ಐತಿ," ಅಂದರು ಪಾಯಪ್ಪ ಮಾಸ್ತರು. "ಏಳು ಮಕ್ಕಳನ್ನ ಏಳು ಕಡೆ ಕುಂದರಿಸಿದ್ದೆ. ಆದ್ರೂ ಏಳೂ ಒಂದ ತಪ್ಪ ಬರದಾವು. ಅಕ್ಷರ ಸೈತ ಅತ್ತಿತ್ತ ಆಗಿಲ್ಲ. ನಾ ಇಪ್ಪತ್ತೆರಡ ವರ್ಷ ಮಾಸ್ತರಕಿ ಮಾಡೀನಿ ತಂಗಿ, ಇಂಥಾ ನಕಲ ಕಂಡಿಲ್ಲ."

ಇಂದ್ರವ್ವ ಬಾಗಿಲ ಕಡೆ ತಿರುಗಿದಳು. ಬಾಗಿಲ ಹೊರಗೆ ಏಳು ಮಕ್ಕಳು ಗೋಡೆಗೆ ಹತ್ತಿ ನಿಂತಿದ್ದವು. ಹಿರಿಯವಳು ಇಂದ್ರವ್ವನ ಮಗಳು ಸರಿತಾ, ಹದಿಮೂರು ವರ್ಷದವಳು, ತಲೆ ಎತ್ತಿರಲಿಲ್ಲ.

ಇದು ಎರಡು ಸಾವಿರದ ಇಸವಿಯ ಜೂನ್ ತಿಂಗಳಿನ ಮಾತು. ಇಂದ್ರವ್ವನ ಸಂಸಾರ ಈ ಹೊಸ ಊರಿಗೆ ಬಂದು ಆಗಿನ್ನೂ ಎರಡು ತಿಂಗಳಾಗಿರಲಿಲ್ಲ. ಅದಕ್ಕೆ ಮೊದಲು ಅವರಿದ್ದದ್ದು ಜಮಖಂಡಿ ತಾಲೂಕಿನ ಹೊಳೆದಂಡೆಯ ತೋಟದ ಮನೆಯಲ್ಲಿ. ಊರು ಮೂರು ಮೈಲಿ ದೂರ, ನಡುವೆ ಒಂದು ಹಳ್ಳ. ಶಾಲೆ ಇದ್ದದ್ದು ಹಳ್ಳದ ಆಚೆ. ಆಲಮಟ್ಟಿಯ ಹಿನ್ನೀರು ಏರುತ್ತದೆ ಎಂದು ಸರಕಾರದವರು ಮನೆ, ಬಾವಿ, ಬೇವಿನ ಮರ ಎಲ್ಲಕ್ಕೂ ನಂಬರು ಹಾಕಿ ಹೋದ ಮೇಲೆ, ಗಂಡ ಯಮನಪ್ಪ ಟ್ರ್ಯಾಕ್ಟರಿಗೆ ತೊಲೆ ಬಾಗಿಲು ಹೇರಿಕೊಂಡು ಪುನರ್ವಸತಿಯ ಪ್ಲಾಟಿಗೆ ಬಂದಿಳಿದ. ಮುಂಜಾನೆ ಎದ್ದು ನೋಡಿದರೆ ಶಾಲೆ ಎದುರಿಗೇ ಇತ್ತು. ನಡುವೆ ಹಳ್ಳವಿಲ್ಲ, ಹೊಳೆಯಿಲ್ಲ, ಹನ್ನೆರಡು ಮಾರಿನ ಕೆಂಪು ಮಣ್ಣಿನ ರಸ್ತೆ ಅಷ್ಟೇ.

ಹಳ್ಳದ ಕಾರಣಕ್ಕೇ ಅವಳ ಮಕ್ಕಳು ಶಾಲೆ ಕಂಡಿರಲಿಲ್ಲ. ಚೊಚ್ಚಲ ಮಗ ಗುರಪ್ಪ ಎರಡನೇ ತರಗತಿಯಲ್ಲಿದ್ದಾಗ, ಶ್ರಾವಣದ ಒಂದು ಮಧ್ಯಾಹ್ನ, ಶಾಲೆ ಬಿಟ್ಟು ಬರುವಾಗ ನೀರು ಅವನನ್ನು ಒಯ್ದಿತ್ತು. ದಿನ ಕರ್ಮ ಮುಗಿದ ಮೇಲೆ ಇಂದ್ರವ್ವ ಅತ್ತೆ ಕರೆವ್ವನ ಮುಂದೆ, ಗಂಡನ ಮುಂದೆ ಒಂದೇ ಮಾತು ಅಂದಿದ್ದಳು: "ನನ್ನ ಮಕ್ಕಳು ಈ ಹಳ್ಳ ದಾಟೂದಿಲ್ಲ. ಸಾಲಿ ಬೇಕಂದ್ರ ಅದ ಇಲ್ಲಿಗೆ ಬರಲಿ."

ಶಾಲೆ ಬರಲಿಲ್ಲ. ಅವಳೇ ಶಾಲೆಯಾದಳು.

ಅವಳೂ ಶಾಲೆಗೆ ಹೋದವಳಲ್ಲ. ತವರು ರಬಕವಿ. ಎಂಟು ವರ್ಷದವಳಿದ್ದಾಗಿನಿಂದ ನೇಕಾರರೊಬ್ಬರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವ ಕೂಲಿಗೆ ಹೋಗುತ್ತಿದ್ದಳು. ಆ ಮನೆಯ ಮಕ್ಕಳಿಗೆ ಒಬ್ಬರು ಪಾಠ ಹೇಳಲು ಬರುತ್ತಿದ್ದರು. ಇವಳ ಕೈ ರಾಟಿ ತಿರುಗಿಸುತ್ತಿತ್ತು, ಕಿವಿ ಪಾಠ ಕೇಳುತ್ತಿತ್ತು. ಅಕ್ಷರ, ಕಾಗುಣಿತ, ಮೂವತ್ತರವರೆಗೆ ಮಗ್ಗಿ, ಭಾಗಾಕಾರ ಎಲ್ಲ ಹಾಗೆ ಕಲಿತದ್ದು. ಹದಿನಾಲ್ಕಕ್ಕೆ ಮದುವೆಯಾಯಿತು. ಕಲಿಕೆ ಅಲ್ಲಿಗೇ ನಿಂತಿತು.

ತೋಟದ ಮನೆಯಲ್ಲಿ ದಿನಾ ರೊಟ್ಟಿ ಬಡಿದಾದ ಮೇಲೆ ಪಾಠ. ಸೆಗಣಿ ಸಾರಿಸಿದ ಕಟ್ಟೆಯೇ ಹಲಗೆ. ಕಬ್ಬಿನ ಹೊರೆ ಎಣಿಸಿ ಗುಣಾಕಾರ. ಗೊಬ್ಬರದ ಚೀಲ, ಗೋಡೆಯ ಕ್ಯಾಲೆಂಡರು, ನಾದಿನಿಯ ಊರು ಹುನ್ನೂರಿನಿಂದ ಬಂದ ಹರಿದ ಪಾಠಪುಸ್ತಕ, ಏನು ಸಿಕ್ಕರೂ ಓದು. ತನ್ನವು ಐದು, ಮೈದುನನವು ಎರಡು, ಒಟ್ಟು ಏಳು ಮಕ್ಕಳಿಗೆ ಎಂಟು ವರ್ಷ ಹೀಗೆ ಕಲಿಸಿದಳು. ಅವಳದೊಂದು ಕಟ್ಟಳೆ ಇತ್ತು. ಬೇರೆಯವರು ಹೇಗೇ ಹೇಳಲಿ, ತಮ್ಮ ಬಾಯಿಗೆ ಬರುವುದನ್ನೇ ಕೈ ಬರೆಯಬೇಕು. ಬಾಯಿ ಒಂದು ಹೇಳಿ ಕೈ ಇನ್ನೊಂದು ಬರೆದರೆ ಅದು ಸುಳ್ಳಿನ ಕಾಗದ.

ಒಮ್ಮೆ ಎರಡನೇ ಮಗ ಬಾಳೇಶ ಕೇಳಿದ್ದುಂಟು: "ಯವ್ವಾ, ಪುಸ್ತಕದಾಗ ಮನೆ ಅಂತೈತಿ. ನೀ ಮನಿ ಅಂತ ಬರಸ್ತಿ."

"ಅದು ಬೆಂಗಳೂರಾಗ ಛಾಪಿಸಿದ್ದಲೇ," ಅಂದಿದ್ದಳು ಇಂದ್ರವ್ವ. "ಅಲ್ಲಿ ಮಂದಿ ಹಂಗ ಮಾತಾಡತಾರ, ಹಂಗ ಬರೀತಾರ. ನಾವು ನಮ್ಮಂಗ ಬರಿಯೂದು."

ಆ ಉತ್ತರದಲ್ಲಿ ತಪ್ಪಿದೆ ಎಂದು ಅವಳಿಗೆ ಅಂದು ಅನಿಸಿರಲಿಲ್ಲ. ಹೇಳುವವರು ಯಾರೂ ಇರಲಿಲ್ಲ.

ಹೊಸ ಊರಿಗೆ ಬಂದ ಮೇಲೆ ತೇರದಾಳದ ಪಾಯಪ್ಪ ಮಾಸ್ತರು ಮನೆಗೇ ಬಂದು ಮಕ್ಕಳನ್ನು ಶಾಲೆಗೆ ಕಳಿಸಿರೆಂದರು. ಪರೀಕ್ಷೆ ಮಾಡಿ ಯಾರು ಯಾವ ತರಗತಿಗೆ ತಕ್ಕವರೋ ಅಲ್ಲಿ ಹಾಕುತ್ತೇನೆಂದರು. ಸರಿತಾ ಏಳನೇ ತರಗತಿಗೆ ಕೂತು ಮಾರ್ಚಿನಲ್ಲಿ ಏಳನೆಯದರ ಪಬ್ಲಿಕ್ ಪರೀಕ್ಷೆ ಮುಲ್ಕಿ ಬರೆಯುತ್ತಾಳೆ ಎಂದು ಇಂದ್ರವ್ವ ಓಣಿಯಲ್ಲೆಲ್ಲ ಹೇಳಿದ್ದಳು. ಗಣಿತದಲ್ಲಿ ಏಳೂ ಮಕ್ಕಳದು ಒಂದು ಲೆಕ್ಕವೂ ತಪ್ಪಲಿಲ್ಲ. ಆಮೇಲೆ ಉಕ್ತಲೇಖನ. ಮಾಸ್ತರು ಹೇಳುವುದು, ಮಕ್ಕಳು ಬರೆಯುವುದು.

ಮಾಸ್ತರು ಸರಿತಾಳ ಹಾಳೆಯನ್ನು ಇಂದ್ರವ್ವನ ಮುಂದೆ ಸರಿಸಿದರು. "ನಾ ಏನ ಹೇಳಿದ್ದೆ ಗೊತ್ತೇನು? ನಮ್ಮ ಮನೆಯ ಮುಂದೆ ಹಸು ನಿಂತಿದೆ. ಓದು, ಏನ ಬರದಾಳ."

ಇಂದ್ರವ್ವ ಓದಿದಳು. "ನಮ್ಮ ಮನಿ ಮುಂದ ಆಕಳ ನಿಂತೈತಿ."

"ನಾಳೆ ನಾನು ಶಾಲೆಗೆ ಹೋಗುತ್ತೇನೆ ಅಂದೆ."

"ನಾಳಿ ನಾ ಸಾಲಿಗೆ ಹೊಕ್ಕೇನಿ." ಇಂದ್ರವ್ವ ತಲೆ ಎತ್ತಿದಳು. "ಸರಿ ಐತಲ್ರೀ ಸರ್?"

ಮಾಸ್ತರು ಅವಳನ್ನೇ ನೋಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ನೀವೂ ಮನಿ ಅಂತೀರಲ್ರೀ," ಅಂದಳು ಇಂದ್ರವ್ವ. "ಮೊನ್ನೆ ನಮ್ಮ ಬಾಗಲದಾಗ ನಿಂತು, ಇದು ಯಮನಪ್ಪನ ಮನಿ ಹೌದಲ್ಲ ಅಂತ ಕೇಳಿದ್ರಿ."

"ಮಾತಾಡೂದ ಬ್ಯಾರೆ ತಂಗಿ, ಬರಿಯೂದ ಬ್ಯಾರೆ."

"ಬ್ಯಾರೆ?"

"ಬ್ಯಾರೆ. ಇಡೀ ರಾಜ್ಯಕ್ಕ ಬರಿಯೂದು ಒಂದ. ನಾವು ಬಿಜಾಪುರದವರೂ ಮನೆ ಅಂತನ ಬರಿಬೇಕು, ಮೈಸೂರಿನವರೂ ಮನೆ ಅಂತನ ಬರಿಬೇಕು."

ಇಂದ್ರವ್ವ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಎಂಟು ವರ್ಷ ದಿನಾ ಏಳು ಮಕ್ಕಳಿಗೆ ಬರೆಸಿದ್ದೆಲ್ಲ ಕಣ್ಣಮುಂದೆ ಬಂತು. ಮಗ ಹೋದಾಗ ಅತ್ತಿದ್ದಳು, ಮನೆ ಬಿಟ್ಟು ಬರುವಾಗಲೂ ಅತ್ತಿದ್ದಳು. ಈಗ ಅಳುವೂ ಬರಲಿಲ್ಲ. 

"ನಕಲ ಮಾಡಿಲ್ರೀ ಅವು," ಅಂದಳು ಕೊನೆಗೆ. "ಒಂದ ಹಾಳಿ ಕೊಡ್ರಿ."

ನಿಂತೇ ಬರೆದಳು: 'ಈ ಮಕ್ಕಳು ಯಾರ್ದೂ ನೋಡಿ ಬರದಿಲ್ರಿ. ಇವಕ್ಕ ಬರಿಯೂದ ನಾನ ಕಲಿಸೇನಿ. ತಪ್ಪ ಇದ್ರ ಅದು ನಂದ ಐತಿ. ಇಂದ್ರವ್ವ.'

ಪಾಯಪ್ಪ ಮಾಸ್ತರು ಆ ಹಾಳೆಯನ್ನು ಎರಡು ಸಲ ಓದಿದರು. ಮಕ್ಕಳ ಹಾಳೆಗಳ ಪಕ್ಕ ಇಟ್ಟು ನೋಡಿದರು. ಅದೇ 'ಐತಿ', ಅದೇ ಒತ್ತು, 'ಲ'ದ ಬಾಲ ಕೂಡ ಅದೇ ತಿರುವು. ಮೇಲೆ ಬರೆದಿದ್ದ 'ನಕಲು' ಎಂಬ ಶಬ್ದವನ್ನು ಏಳೂ ಹಾಳೆಗಳಲ್ಲಿ ಹೊಡೆದುಹಾಕಿದರು.

"ನಕಲ ಅಲ್ಲ, ಒಪ್ಪಿದೆ. ಆದ್ರ ಹಿಂಗ ಬರದ್ರ ಮುಲ್ಕಿಗೆ ನಪಾಸ. ಸರಿತಾ ಸದ್ಯ ಮೂರನೇತ್ತಾ ಕುಂದರಲಿ. ಸಪ್ಟಂಬರ ಮೂವತ್ತಕ್ಕ ಹಾಜರಿ ಪಟ್ಟಿ ಗಟ್ಟಿ ಆಕ್ಕೈತಿ. ಅದರ ಒಳಗ ಮತ್ತೊಂದ ಸಲ ನೋಡತೀನಿ. ಆಮ್ಯಾಲ ನನ್ನ ಕೈಯಾಗ ಇಲ್ಲ."

ಹದಿಮೂರು ವರ್ಷದ ಸರಿತಾ ಮೂರನೇ ತರಗತಿಯಲ್ಲಿ ಎಂಟು ವರ್ಷದ ತಂಗಿ ಮನೀಷಾಳ ಹಿಂದಿನ ಬೆಂಚಿನಲ್ಲಿ ಕೂತಳು. ಅವಳ ಮೊಣಕಾಲು ಬೆಂಚಿಗೆ ಬಡಿಯುತ್ತಿತ್ತು. ಹುಡುಗರು 'ಅಜ್ಜಿ ಬಂದ್ಲು' ಅನ್ನುತ್ತಿದ್ದರು. ಮನೆಗೆ ಬಂದರೆ ತಾಯಿಯ ಜೊತೆ ಮಾತೇ ಇಲ್ಲ. ಆಡಿದರೂ ಪುಸ್ತಕದ ಮಾತು.

"ನನಗೆ ಹಸಿವಿಲ್ಲ. ನಾನು ಆಮೇಲೆ ಊಟ ಮಾಡುತ್ತೇನೆ."

ಕರೆವ್ವ ಎಲೆ ಅಡಿಕೆ ಕುಟ್ಟುವುದನ್ನು ಬಿಟ್ಟು ಮೊಮ್ಮಗಳನ್ನು ನೋಡಿದಳು. "ಯಾಕ್ರೀ ಬಾಯಿಸಾಹೇಬರ, ಬಡವರ ಮನಿ ರೊಟ್ಟಿ ಸೇರೂದಿಲ್ಲೇನ್ರೀ?"

ಎಲ್ಲರೂ ನಕ್ಕರು. ಇಂದ್ರವ್ವ ನಗಲಿಲ್ಲ. ಪ್ಲಾಟು ಅಳೆಯಲು ಬಂದ ಸಾಹೇಬನ ಜೊತೆ ಮಾತಾಡಿದ ಹಾಗೆ ಮಗಳು ತನ್ನ ಜೊತೆ ಮಾತಾಡಿದಳಲ್ಲ ಎಂದು ಅವಳ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು.

ನಾಗರ ಪಂಚಮಿಗೆ ಯಮನಪ್ಪನ ಅಕ್ಕ ಸಿದ್ದಕ್ಕ ಹುನ್ನೂರಿನಿಂದ ಉಂಡಿ ಕಟ್ಟಿಕೊಂಡು ಬಂದಳು. ಸರಿತಾಳನ್ನು ಮೇಲಿಂದ ಕೆಳಗೆ ನೋಡಿ ತಮ್ಮನ ಕಡೆ ತಿರುಗಿದಳು.

"ಮೂರನೇತ್ತಾ ಕೂಡತಾಳಂತ? ಮಂದಿ ನಗತಾರೋ ತಮ್ಮಾ. ನನ್ನ ಮಗಗ ತಂದುಕೊಂತೀನಿ. ಸೀಗಿ ಹುಣ್ಣಿಮಿಗೆ ಮಾತ ಮುಗಸೂಣು."

ಯಮನಪ್ಪ ಕೆಟ್ಟವನಲ್ಲ. ಆದರೆ ಹೊಲ ಹೋಗಿತ್ತು, ಎತ್ತು ಮಾರಿದ್ದ, ದಿನವಿಡೀ ಹೊಸ ಊರಿನ ಕಟ್ಟೆಯ ಮೇಲೆ ಕೂತು ಅವನ ದನಿಯೇ ಸಣ್ಣದಾಗಿತ್ತು. "ಏಳನೇತ್ತಾ ಇದ್ದಿದ್ರ ಬ್ಯಾರೆ ಮಾತಿತ್ತಕ್ಕಾ," ಅಂದ. "ಈಗ ನಾ ಏನ ಅನ್ಲಿ?"

 ಮೂರನೇ ತರಗತಿ ಅಂದರೆ ಬರೀ ಬೆಂಚಿನ ಮಾತು ಎಂದು ಇಂದ್ರವ್ವ ಅಂದುಕೊಂಡಿದ್ದಳು. ತನ್ನದೇ ಹದಿನಾಲ್ಕನೆಯ ವರ್ಷ ಮಗಳ ಬಾಗಿಲಿಗೆ ಬಂದು ನಿಂತದ್ದು ಈಗ ಕಂಡಿತು. ಬಾಗಿಲು ತೆರೆದವಳೂ ತಾನೇ.

ಮರುದಿನ ಅವಳು ಮಾಸ್ತರರ ಹತ್ತಿರ ಹೋಗಿ ಒಂದರಿಂದ ಏಳರವರೆಗಿನ ಕನ್ನಡ ಪುಸ್ತಕಗಳನ್ನು ಕೇಳಿ ತಂದಳು. ಮಾಸ್ತರು ಒಂದೇ ಉಪಾಯ ಹೇಳಿದರು: "ಕಿವಿ ಮುಚ್ಚು. ಕಣ್ಣಿಲೆ ಬರಿ." ಅವಳು ಕಿವಿಯಿಂದ ಕಲಿತವಳು. ಕಣ್ಣಿನಿಂದ ಕಲಿಯುವುದು ಬೆನ್ನಿನ ಕಡೆ ಕೈ ಮಾಡಿ ಜಡೆ ಹೆಣೆದುಕೊಂಡಂತೆ ಆಯಿತು.

ಮೊದಲು ಮಗಳಿಗೆ ಹೇಳಬೇಕಿತ್ತು. ಸರಿತಾ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ನಾ ತಪ್ಪ ಕಲಿಸೇನಿ," ಅಂದಳು ಇಂದ್ರವ್ವ.

ಸರಿತಾ ಬೂದಿಯ ಕೈ ನಿಲ್ಲಿಸಲಿಲ್ಲ. "ಎಂಟು ವರ್ಷ," ಅಂದಳು.

"ಹೌದು. ಎಂಟ ವರ್ಷ. ನನಗ ಗೊತ್ತಿರಲಿಲ್ಲ. ಈಗ ಇಬ್ಬರೂ ಕೂಡೇ ಕಲಿಯೂಣು. ಇಲ್ಲಂದ್ರ ಹುನ್ನೂರಿಗೆ ಹೋಗಬೇಕಾಕ್ಕೈತಿ ನೀ."

ಸರಿತಾ ಪಾತ್ರೆ ತೊಳೆದು ಬೋರಲು ಹಾಕಿದಳು. ಆಮೇಲೆ ಪಾಟಿ ತಂದು ತಾಯಿಯ ಮುಂದೆ ಕೂತಳು. ಪಕ್ಕದಲ್ಲಲ್ಲ, ಎದುರಿಗೆ.

ನಡುಮನೆಯ ನೆಲದ ಮೇಲೆ ಇಂದ್ರವ್ವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಈ ಕಡೆ ಬಾಯಿಯದು, ಆ ಕಡೆ ಕೈಯದು. ಮನಿ, ಮನೆ. ಐತಿ, ಇದೆ. ಹೊಂಟೇನಿ, ಹೊರಟಿದ್ದೇನೆ. ಉಳಿದ ಆರು ಮಕ್ಕಳೂ ಬಂದು ಸೇರಿದವು. ಗೆರೆ ಗೋಡೆಯವರೆಗೆ ಹೋಯಿತು.

"ಆಕಳಕ್ಕ ಹಸು ಅಂತ ಬರಿಬೇಕು," ಅಂದ ಬಾಳೇಶ. "ಎಮ್ಮಿಗೆ ಏನ ಬರಿಬೇಕು ಬೇ?"

"ಎಮ್ಮೆ."

"ಅಷ್ಟನ? ಪಾಪ, ಅದಕ್ಕ ಹೊಸ ಹೆಸರ ಸಿಗಲೇ ಇಲ್ಲ."

ಸರಿತಾ ನಕ್ಕಳು. ಆರು ವಾರಗಳಲ್ಲಿ ಇಂದ್ರವ್ವ ಆ ನಗು ಕೇಳಿರಲಿಲ್ಲ. ಆದರೆ ಮರುಗಳಿಗೆಗೆ ಮಗಳು ಗೆರೆಯ ಆ ಕಡೆ ಬೆರಳು ತೋರಿಸಿದಳು. "ನೀನು 'ಹೋಗುತೇನೆ' ಎಂದು ಬರೆದಿದ್ದೀಯ. ಅಲ್ಲಿ ಒತ್ತು ಬೇಕು." ಇಂದ್ರವ್ವ ಅಳಿಸಿ, ಒತ್ತು ಹಾಕಿ ಬರೆದಳು. ಆ ತಿಂಗಳೆಲ್ಲ ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂಬುದು ದಿನಕ್ಕೊಂದು ರೀತಿ ಆಗುತ್ತಿತ್ತು. ಒಂದು ದಿನ ಕರೆವ್ವ ಅರಿಯದೆ 'ಕೈಯದು' ಕಡೆಯನ್ನೆಲ್ಲ ಸೆಗಣಿಯಿಂದ ಸಾರಿಸಿಬಿಟ್ಟಳು. ಅಂದು ಮತ್ತೆ ಮೊದಲಿನಿಂದ.

ಸೆಪ್ಟೆಂಬರ್ ಇಪ್ಪತ್ತೇಳರಂದು ಪಾಯಪ್ಪ ಮಾಸ್ತರು ಸರಿತಾಳನ್ನು ಒಬ್ಬಳೇ ಕೂರಿಸಿ ಎರಡು ಪುಟ ಉಕ್ತಲೇಖನ ಹೇಳಿದರು. ಕೊನೆಗೆ 'ನಮ್ಮ ಹಳೆಯ ಊರು' ಎಂದು ಒಂದು ಪುಟ ಸ್ವಂತ ಬರೆಯಲು ಹೇಳಿದರು. ಇಂದ್ರವ್ವ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದಳು. ಒಳಗಿಂದ ಮಾಸ್ತರರ ದನಿ ಬರುತ್ತಿತ್ತು. ಅವರು ಒಂದೊಂದು ಶಬ್ದ ಹೇಳಿದಾಗಲೂ ಅವಳ ಬೆರಳು ಸೆರಗಿನ ಮೇಲೆ ಬರೆಯುತ್ತಿತ್ತು.

ಮಾಸ್ತರು ಹೊರಗೆ ಬಂದು ಹಾಳೆ ಕೊಟ್ಟರು. "ನಾಕ ತಪ್ಪ ಅದಾವು. ನಾಳಿಂದ ಏಳನೇತ್ತಾ ಕುಂದರಲಿ."

ಇಂದ್ರವ್ವ ಹಾಳೆ ಹಿಡಿದು ಓದಿದಳು. 'ನಮ್ಮ ಮನೆಯ ಹಿಂದೆ ನದಿ ಹರಿಯುತ್ತಿತ್ತು. ಮುಂಜಾನೆ ತಾಯಿಯು ನಮಗೆ ಪಾಠ ಹೇಳಿಕೊಡುತ್ತಿದ್ದಳು.' ಕೆಂಪು ಸುತ್ತು ಬೆರಳೆಣಿಕೆಯಷ್ಟು. ಅವಳಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಹೆಸರು ಮುಚ್ಚಿಟ್ಟು ಓದಿದ್ದರೆ ಇದು ಯಾರ ಮಗಳು ಬರೆದದ್ದೆಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಹೊಳೆ ಎಲ್ಲೂ ಇರಲಿಲ್ಲ, ನದಿ ಇತ್ತು. ಅವ್ವ ಇರಲಿಲ್ಲ, ತಾಯಿ ಇದ್ದಳು.

"ಯಾಕ ತಂಗಿ, ಸರಿ ಇಲ್ಲೇನು?" ಅಂದರು ಮಾಸ್ತರು.

"ಸರಿ ಐತ್ರೀ," ಅಂದಳು ಇಂದ್ರವ್ವ. "ಭಾಳ ಸರಿ ಐತಿ."

ಆ ದಿನ ಸಂಜೆ ಯಮನಪ್ಪನಿಗೆ ಸುದ್ದಿ ಹೇಳಿದಳು. ಅವನು ಕಟ್ಟೆಯಿಂದ ಎದ್ದು ಒಳಗೆ ಬಂದ. ಬಹಳ ಹೊತ್ತು ಮಗಳ ಹಾಳೆ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಕೆಂಪು ಕಡಿಮೆ ಇದೆ ಎಂಬುದು ಮಾತ್ರ ಕಂಡಿತು.

"ಅಕ್ಕಗ ಏನ ಹೇಳ್ಲಿ?" ಅಂದ.

"ನೀವ ಏನೂ ಹೇಳಬ್ಯಾಡ್ರಿ. ನಾ ಪತ್ರ ಬರೀತೀನಿ."

ಇಂದ್ರವ್ವ ಅಂಚೆಯ ಹಾಳೆ ಬಿಚ್ಚಿ ಕೂತಳು. 'ಪ್ರೀತಿಯ ಸಿದ್ದಕ್ಕನವರಿಗೆ' ಎಂದು ಬರೆದು ನಿಂತಳು. ಮುಂದಿನದು ಬಾಯಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಸರಿತಾಳನ್ನು ಕರೆದಳು. "ಹೆಂಗ ಬರೀಲಿ ಹೇಳವಾ. ತಪ್ಪ ಆಗಬಾರದು."

ಸರಿತಾ ತಾಯಿಯ ಪಕ್ಕಕ್ಕೆ ಬಂದು ಕೂತಳು.

"ಹುನ್ನೂರ ಅತ್ತಿಗೆ ಓದಾಕ ಬರೂದಿಲ್ಲ ಬೇ," ಅಂದಳು. "ಯಾರರೆ ಓದಿ ಹೇಳತಾರ. ನೀ ಮಾತಾಡಿದಂಗ ಬರಿ. ಅಂದ್ರ ನೀನ ಮುಂದ ಕುಂತು ಹೇಳಿದಂಗ ಕೇಳತೈತಿ ಅಕಿಗೆ."

ಇಂದ್ರವ್ವ ಮೊದಲಿನ ಸಾಲನ್ನು ಹೊಡೆದುಹಾಕಿದಳು. ಕೆಳಗೆ ಬರೆದಳು:

'ಸಿದ್ದಕ್ಕಾ, ಎಲ್ಲಾರೂ ಆರಾಮ ಅದೇವಿ. ಸರಿತಾ ಏಳನೇತ್ತಾ ಕುಂತಾಳ. ಮದಿವಿ ಮಾತ ಬ್ಯಾಡ. ಮುಲ್ಕಿ ಆದ ಮ್ಯಾಲೂ ಬ್ಯಾಡ. ಅಕಿ ಇನ್ನೂ ಕಲಿಯಾಕತ್ತಾಳ.'